ಹಾಲ್ಡನ್ ಎಸ್ಟೇಟಿನ ನಾಗರಕಲ್ಲು

ಹಾಲ್ಡನ್ ಎಂಬ ಇಂಗ್ಲಿಷ್ ದೊರೆ ರಬ್ಬರಿನಲ್ಲಿ ಕೈತುಂಬ ದುಡ್ಡು ಮಾಡಿ, ಸಿಂಗಪುರದ ಒಂದು ಗುಡ್ಡದ ಮೇಲೆ ತನ್ನ ಊರಿನ ಜಮೀನ್ದಾರರ ಬಂಗಲೆಯಂಥದ್ದೇ ಬಂಗಲೆ ಕಟ್ಟಿಸಿದ. ಗೇಟಿನ ಪಕ್ಕ ಕಾವಲುಗಾರನಿಗೆ ಪುಟ್ಟ ಕಲ್ಲುಮನೆ, ಮುಂದೆ ಹುಲ್ಲುಹಾಸು, ಹಿಂದೆ ಗುಲಾಬಿ ತೋಟ. ಇಂಗ್ಲೆಂಡಿನಿಂದ ತರಿಸಿದ ಓಕ್ ಸಸಿಗಳು ಈ ಸೆಕೆಗೆ ಒಂದೂ ಉಳಿಯಲಿಲ್ಲ. ಗುಲಾಬಿಯಾದರೂ ಉಳಿಯಲೇಬೇಕೆಂದು ಹಟ ಹಿಡಿದು ಬೆಂಗಳೂರಿನ ಲಾಲ್‌ಬಾಗಿನಿಂದ ಒಬ್ಬ ಮಾಲಿಯನ್ನು ಕರೆಸಿಕೊಂಡ. ಆ ಮಾಲಿ ಮುನಿಶಾಮಪ್ಪ. ನಾನು ಹೇಳಹೊರಟಿರುವುದು ಅವನ ಮೊಮ್ಮಗ ಅಶ್ವತ್ಥನಾರಾಯಣ ಅವರ ಕಥೆ. ದೊರೆಯ ಕಥೆ ಹೇಳಲು ಬೇಕಾದಷ್ಟು ಜನ ಇದ್ದಾರೆ.

ಅವರು ನನಗೆ ಸಿಕ್ಕಿದ್ದು ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ. ನಾನು ಬೆಂಗಳೂರಿನವಳು, ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಕೆಲಸ. ಪಕ್ಕದ ಎಲೆಗೆ ಕೂತವರು "ಲಾಲ್‌ಬಾಗ್ ಈಗ್ಲೂ ಚೆನ್ನಾಗಿದ್ಯಾಮ್ಮಾ?" ಎಂದು ವಿಚಾರಿಸಿದರು. ಒಮ್ಮೆಯೂ ಅದನ್ನು ನೋಡಿದವರಲ್ಲ. ಹುಟ್ಟಿದ್ದು ಹಾಲ್ಡನ್ ಬಂಗಲೆಯ ಹಿಂದಿದ್ದ ಆಳುಗಳ ಸಾಲುಮನೆಯಲ್ಲಿ. ಉಬಿ ಬಡಾವಣೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿ, ಈಗ ಹೆಂಡತಿ ಜಯಾ, ಮಗಳು ಅನಘಾ ಜೊತೆ ಹೌಗಾಂಗಿನ ಫ್ಲ್ಯಾಟಿನಲ್ಲಿ ಇದ್ದರು. ಇಲ್ಲೇ ಹುಟ್ಟಿ ಬೆಳೆದ ಆ ಮನುಷ್ಯನ ಕನ್ನಡ ನನ್ನದಕ್ಕಿಂತ ಚೊಕ್ಕ. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅವರ ತಾತನ ಕಾಲದಲ್ಲಿ ದೊರೆಯ ಗುಲಾಬಿ ಪಾತಿಯಲ್ಲೊಂದು ನಾಗರಹಾವು ಕಾಣಿಸಿಕೊಂಡಿತು. ಹೊಡಿ ಎಂದ ದೊರೆ. ಮುನಿಶಾಮಪ್ಪ ಬೇಡವೆಂದು ಕೈಮುಗಿದ. ಕೊನೆಗೆ ಅನ್ನ ಕೊಡುವವನ ಮಾತು ಮೀರಲಾರದೆ ಗುದ್ದಲಿ ಎತ್ತಿದ. ಅದೇ ವರ್ಷ ಅವನ ಚೊಚ್ಚಲ ಮಗು ತೀರಿಕೊಂಡಿತು. ಆಗ ಇಲ್ಲಿ ಮಲೇರಿಯಾಕ್ಕೆ ಯಾರ ಮಕ್ಕಳು ಸತ್ತಿಲ್ಲ? ಆದರೆ ಮಗುವನ್ನು ಮಣ್ಣು ಮಾಡಿ ಬಂದ ಅಪ್ಪನಿಗೆ ಅದನ್ನು ಹೇಳುವವರು ಯಾರು? ಅವನು ಊರಿನಿಂದ ಹಡಗಿನಲ್ಲಿ ನಾಗರಕಲ್ಲು ತರಿಸಿ, ಸಾಲುಮನೆಯ ಹಿಂದೆ ಅರಳಿ ಸಸಿ ನೆಟ್ಟು, ಅದರ ಬುಡದಲ್ಲಿ ಪ್ರತಿಷ್ಠೆ ಮಾಡಿಸಿದ. ಆಮೇಲೆ ಹುಟ್ಟಿದ ಮಗ ಬದುಕಿಕೊಂಡ. ಅಂದಿನಿಂದ ಆ ಮನೆಯವರು ಪ್ರತಿ ನಾಗರಪಂಚಮಿಗೆ ಅಲ್ಲಿ ಹಾಲೆರೆದು "ತಪ್ಪಾಯ್ತು" ಎಂದು ಕೇಳಿಕೊಳ್ಳುತ್ತ ಬಂದರು. ದೊರೆ ಹೋದ, ಬಂಗಲೆಗೆ ಯಾರ್ಯಾರೋ ಬಾಡಿಗೆಗೆ ಬಂದು ಹೋದರು, ಕಲ್ಲು ಅಲ್ಲೇ ಇತ್ತು.

ಹೋದ ವರ್ಷ ಎಸ್ಟೇಟಿನ ಗೇಟಿಗೆ ಬೋರ್ಡು ಬಿತ್ತು. ಬಂಗಲೆ ರೆಸ್ಟೋರೆಂಟ್ ಆಗುವುದು, ಹಿಂದಿನ ಜಾಗವೆಲ್ಲ ಕಾಂಡೋ ಫ್ಲ್ಯಾಟುಗಳಿಗೆ. ಒಳಗೆ ದೇವರಿರುವಾಗಲೇ ಬುಲ್ಡೋಜರ್ ಬಂದುಬಿಟ್ಟರೆ? ಅಶ್ವತ್ಥನಾರಾಯಣ ಅಂಕಲ್‌ಗೆ ಊಟ ಸೇರಲಿಲ್ಲ. ಅರ್ಚಕರೊಬ್ಬರನ್ನು ಕರೆದೊಯ್ದು ಕಲಾಕರ್ಷಣೆ ಮಾಡಿಸಿದರು. ಅಂದರೆ ಕಲ್ಲಿನಲ್ಲಿರುವ ದೈವವನ್ನು ಮಂತ್ರದಿಂದ ಕಳಶದ ನೀರಿಗೆ ಇಳಿಸುವುದು. ಅಲ್ಲಿಂದಾಚೆ ಕಲ್ಲು ಬರೀ ಕಲ್ಲು. ಕಳಶದಲ್ಲಿರುವವನನ್ನು ಒಂದು ಮಂಡಲದೊಳಗೆ, ನಲವತ್ತೆಂಟು ದಿನದಲ್ಲಿ, ಬೇರೆಲ್ಲಾದರೂ ಪ್ರತಿಷ್ಠಾಪಿಸಬೇಕು. ಆತುರಪಟ್ಟರು ಎಂದು ಈಗ ಎಲ್ಲರೂ ಹೇಳುತ್ತಾರೆ. ಮನೆಗೆ ಬೆಂಕಿ ಬೀಳುತ್ತದೆಂದು ತಿಳಿದ ಮೇಲೆ ಒಳಗಿರುವವರನ್ನು ಹೊರಗೆ ಕರೆತರದೆ ಯಾರು ಕಾಯುತ್ತ ಕೂರುತ್ತಾರೆ?

ಮುಂದಿನ ವಾರ, ಏನೇನು ಉಳಿಸಬೇಕೆಂದು ನೋಡಲು ಸರ್ಕಾರದಿಂದ ಒಬ್ಬ ಅಧಿಕಾರಿ ಬಂದಳು. ನಾನೂ ಅಂಕಲ್ ಮತ್ತು ಅನಘಾ ಜೊತೆ ಹೋಗಿದ್ದೆ. ಬಂಗಲೆ ಉಳಿಯುತ್ತದಂತೆ, ಕಾವಲುಗಾರನ ಮನೆ ಉಳಿಯುತ್ತದಂತೆ, ದೊರೆಯ ನಾಯಿಯ ಗೋರಿಯೂ ಉಳಿಯುತ್ತದಂತೆ. ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು ಕೆತ್ತಿತ್ತಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಅವಳೇನೂ ಕೆಟ್ಟವಳಲ್ಲ. ಅರಳಿಮರದ ಹತ್ತಿರ ಬಂದಾಗ ಚಪ್ಪಲಿ ಬಿಟ್ಟಳು. ಪೂಜೆ ನಡೆಯುತ್ತಿರುವ ಜಾಗವಾದರೆ ಮರ, ಕಲ್ಲು ಎರಡನ್ನೂ ಉಳಿಸಿ ಎಂದು ಬರೆಯಬಹುದು, ದೇವರು ಈಗಲೂ ಇಲ್ಲಿದ್ದಾನೆ ತಾನೇ, ಎಂದು ಕೇಳಿದಳು.

ಅಂಕಲ್ ಕಲ್ಲಿನ ಕಡೆ ತಿರುಗಿದರು.

"ಇದಾನೆ ಅಂತ ಹೇಳಪ್ಪ ಲಾ," ಅನಘಾ ಸಿಂಗಪುರದವರ 'ಲಾ' ಸೇರಿಸಿ ಪಿಸುಗುಟ್ಟಿದಳು. "ಆಮೇಲೆ ವಾಪಸ್ ತಂದು ಇಟ್ರಾಯ್ತು. ಯಾರಿಗೆ ಗೊತ್ತಾಗತ್ತೆ?"

"ಅವನಿಗೆ ಗೊತ್ತಾಗಲ್ವಾ? ಕ್ಷಮಿಸು ಅಂತ ಕೇಳ್ಕೊಳ್ಳೋ ಜಾಗದಲ್ಲೇ ನಿಂತು ಸುಳ್ಳು ಹೇಳ್ಲಾ?"

ಇಲ್ಲ, ಈಗ ನಮ್ಮ ಮನೆಯಲ್ಲಿ ಕಳಶದಲ್ಲಿದ್ದಾನೆ, ಎಂದು ಅವರೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿ ಗೌರವದಿಂದಲೇ ಬರೆದುಕೊಂಡಳು. ಆ ಗಳಿಗೆಯಲ್ಲಿ ನನಗೆ ಅಂಕಲ್‌ರನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅವರ ಕಾಲಿಗೆ ಬೀಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ.

ಅರ್ಚಕರು ಮತ್ತೆ ಅದೇ ಕಲ್ಲಿಗೆ ಆವಾಹನೆ ಮಾಡಲು ಒಪ್ಪಿದರು. ಅನುಮತಿ ಕೇಳಿ ಅನಘಾ ಆ ಅಧಿಕಾರಿಯ ಕಚೇರಿಗೆ ಫೋನ್ ಮೇಲೆ ಫೋನ್ ಮಾಡಿದಳು. ದೇವರು ಆಗಲೇ ನಿಮ್ಮ ಮನೆಗೆ ಶಿಫ್ಟ್ ಆಗಿರುವುದರಿಂದ ಈ ವಿಷಯ ಸುಗಮವಾಗಿ ಬಗೆಹರಿದಿದೆ ಎಂದು ಉತ್ತರ ಬಂತು. ಅಷ್ಟರಲ್ಲಿ ಸುತ್ತ ತಗಡಿನ ಬೇಲಿ ಎದ್ದಿತ್ತು. ಬೇಕಾದರೆ ಕಲ್ಲನ್ನು ಒಯ್ಯಿರಿ ಎಂದರು. ಒಯ್ಯುವುದು ಎಲ್ಲಿಗೆ? ನಾಗನಿಗೆ ನೆಲ ಬೇಕು, ಇವರ ಮನೆ ಇರುವುದು ಆಕಾಶದಲ್ಲಿ. ಕೇಳಿದ ದೇವಸ್ಥಾನಗಳಲ್ಲಿ ಜಾಗವಿರಲಿಲ್ಲ. ಬೆಂಗಳೂರಿನಲ್ಲಿ ಮುನಿಶಾಮಪ್ಪನ ಕಡೆಯವರು ಯಾರಿದ್ದಾರೋ ಇವರಿಗೆ ಗೊತ್ತೇ ಇಲ್ಲ. ಓಡಾಡಿ ಓಡಾಡಿ ಮಂಡಲ ಮುಗಿಯಿತು. ಅರ್ಚಕರು ಕೈಚೆಲ್ಲಿ, ಇನ್ನು ಸಮುದ್ರಕ್ಕೆ ಬಿಟ್ಟುಬಿಡಿ ಎಂದರು.

ಒಂದು ಭಾನುವಾರ ಚಾಂಗಿ ಬೀಚಿಗೆ ಹೋದೆವು. ಅಂಕಲ್ ಮೊಣಕಾಲುದ್ದ ನೀರಿನಲ್ಲಿ ಕಳಶ ಹಿಡಿದು ಬಹಳ ಹೊತ್ತು ನಿಂತರು. ಹಿಂದೆ ಮಕ್ಕಳು ಚೆಂಡಾಡುತ್ತಿದ್ದರು. ಬಗ್ಗಿಸಿದ ಮೇಲೂ ಒಮ್ಮೆ ಒಳಗೆ ಇಣುಕಿ ನೋಡಿದರು.

ಈ ವರ್ಷ ನಾಗರಪಂಚಮಿಯ ದಿನ ಜಯಾ ಆಂಟಿ ಆಫೀಸಿಗೆ ಫೋನ್ ಮಾಡಿದರು. ನಾನು ಮೀಟಿಂಗ್ ಬಿಟ್ಟು ಹೊರಗೆ ಬಂದೆ.

"ಬೆಳಿಗ್ಗೆನೇ ಸ್ನಾನ ಮಾಡಿದ್ರು ಕಣಮ್ಮಾ. ಹಾಲು ತಗೊಂಡ್ರು, ಚಪ್ಪಲಿ ಹಾಕ್ಕೊಂಡ್ರು, ಬಾಗ್ಲು ತೆಗೆದ್ರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲಿಗೆ ಹೋಗ್ಬೇಕು ಜಯಾ, ಅಂತ ಕೇಳಿದ್ರು."