ತಲೆ ಎತ್ತಿ ನಿಂತ ಹುಳುಗಳ ನಡುವೆ ಮದಲೇನಮ್ಮ

ಇನ್ನೂ ಬೆಳಕು ಹರಿದಿಲ್ಲ. ಸಾತನೂರಿನಾಚೆ ಬೋರಲಿಂಗಯ್ಯನವರ ರೇಷ್ಮೆ ಹುಳು ಮನೆಗೆ ಮದಲೇನಮ್ಮ ಚಪ್ಪಲಿ ಬಿಟ್ಟು ಹೋಗುತ್ತಾರೆ, ಹಿಂದೆಯೇ ಅವರ ಕೆಲಸ ನೋಡಲು ಬಂದ ನಾನು. ದಿನಕ್ಕೆ ನಾಲ್ಕು ಹೊತ್ತು ಸೊಪ್ಪು ಹಾಕುವುದು ಇವರ ಕೆಲಸ. ಹುಳು ಮೇಯುವ ಸದ್ದು ಮಳೆ ಸುರಿದ ಹಾಗೆ ಬಾಗಿಲಾಚೆಗೇ ಕೇಳಬೇಕು. ಇಲ್ಲಿ ಸದ್ದೇ ಇಲ್ಲ. ಟಾರ್ಚ್ ಬೆಳಕಿನಲ್ಲಿ ನೋಡುತ್ತೇನೆ: ಅಟ್ಟಣೆಯ ತುಂಬ ಸಾವಿರಾರು ಹುಳು, ಒಂದೂ ಅಲುಗದೆ, ತಲೆ ಎತ್ತಿಕೊಂಡು ನಿಂತಿವೆ. ಅಬ್ಬಾ, ಮೈ ಜುಮ್ಮೆನ್ನುತ್ತದೆ!

ಪೊರೆ ಬಿಡುವ ಮುನ್ನ ಹುಳು ಹೀಗೆ ನಿಂತುಬಿಡುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ಇವು ನಿನ್ನೆಯೇ ಪೊರೆ ಕಳಚಿ ಏಳಬೇಕಿತ್ತು. ಹೋದ ಸಲದ ಹುಳುಗಳು ಏಳದೆ ಗುಂಡಿ ಸೇರಿವೆ. ಈ ಸಲವೂ ಹಾಗಾದರೆ ಹುಳು ಮನೆಗೆ ಬೀಗ ಹಾಕುವುದಾಗಿ ಬೋರಲಿಂಗಯ್ಯ ಹೇಳಿಬಿಟ್ಟಿದ್ದಾರೆ.

"ಒಸಿ ಸೊಪ್ಪು ಉದುರಿಸವ್ವ, ವಾಸ್ನೆಗಾದ್ರೂ ಏಳ್ತವೇನೋ," ಎಂದು ಅವರು ಬಾಗಿಲಲ್ಲೇ ಗೋಗರೆಯುತ್ತಾರೆ.

"ಎಲ್ಲಾ ಏಳೋಗಂಟ ಒಂದೆಲೆನೂ ಹಾಕಾಕಿಲ್ಲ ಅಣ್ಣಯ್ಯ. ನೀವು ಆಚೆ ನಡೀರಿ."

ಯಜಮಾನರು ತೆಪ್ಪಗೆ ಹೋಗುತ್ತಾರೆ. ನಾನು ಕಾಡಿ ಬೇಡಿ ಮೂಲೆಯಲ್ಲಿ ಉಳಿಯುತ್ತೇನೆ. ಮದಲೇನಮ್ಮ ಸೆರಗಿನ ಮರೆಯಿಂದ ಬೈಬಲ್ ತೆಗೆದು ಪಿಸುದನಿಯಲ್ಲಿ ಓದತೊಡಗುತ್ತಾರೆ. ಸತ್ತ ಹುಡುಗಿಯ ಮನೆಗೆ ಯೇಸು ಬಂದು, ಅಳುವವರನ್ನೆಲ್ಲ ಹೊರಗೆ ಕಳಿಸಿ, ಅವಳ ಕೈ ಹಿಡಿದು ಎಬ್ಬಿಸುವ ಭಾಗವದು. ಪ್ರತಿ ಜ್ವರಕ್ಕೂ ಅದನ್ನೇ ಓದುತ್ತಾರಂತೆ.

"ನಮ್ ಶಾಲಿನಿ ಆಸ್ಪತ್ರೇಲಿದ್ದಾಗ್ಲೂ ಇದ್ನೇ ಓದ್ದೆ ಸಾ. ನನ್ ಮಗ್ಳು ಏಳ್ನಿಲ್ಲ. ಮಣ್ಣು ಮಾಡ್ಬುಟ್ಟು ಬಂದೆ," ಎನ್ನುತ್ತಾರೆ, ಹುಳುಗಳ ಮೇಲಿನ ಕಣ್ಣು ಕೀಳದೆ. "ದೇವ್ರ ಮ್ಯಾಲೆ ಸಿಟ್ಟು ಬಂದ್ಬುಡ್ತು. ಮನೇಲಿ ಈ ಪುಸ್ತಕ ತೆಗುದ್ರೆ ಈಗ್ಲೂ ಬಾಯಿ ಕಟ್ಕತದೆ. ಇಲ್ಲಿಗ್ ಬಂದ್ಮೇಲೆ ಒಂದಿನ ಇವು ಹಿಂಗೇ ನಿಂತಿದ್ವು. ಯಾರನ್ನೋ ನೋಡ್ತಾ ಅವೆ ಅನ್ನಿಸ್ತು. ನಂಗೆ ಕಾಣಾಕಿಲ್ಲ, ಅವ್ಕೆ ಕಾಣ್ತದೆ. ಭಯಕ್ಕೆ ಪುಸ್ತಕ ತೆಗ್ದು ಓದ್ದೆ. ಭಯ ಓಯ್ತು. ಈ ಮನೆ ಮುಚ್ಚುದ್ರೆ ಇನ್ನೆಲ್ಲಿ ಓದ್ಲಿ ಹೇಳಿ?"

ಕಿಟಕಿಯ ಬಲೆಯಲ್ಲಿ ಬೂದು ಬೆಳಕು ಮೂಡುತ್ತದೆ. ಮತ್ತೆ ಓದತೊಡಗಿದ್ದವರ ಪಿಸುದನಿ ನಿಲ್ಲುತ್ತದೆ. ಒಂದು ಹುಳು ತಲೆ ಆಡಿಸುತ್ತದೆ. ಪಕ್ಕದ್ದೂ ಆಡಿಸುತ್ತದೆ. ನೋಡನೋಡುತ್ತ ಇಡೀ ಅಟ್ಟಣೆಯೇ ತೂಗಾಡತೊಡಗುತ್ತದೆ. ಖುಷಿಪಡಬೇಕಾದ ನಾನು ಹೆದರಿ ಗೋಡೆಗೆ ಒರಗುತ್ತೇನೆ. ಮದಲೇನಮ್ಮ ಒಂದೊಂದು ಅಟ್ಟಣೆಯನ್ನೂ ನೋಡಿ, ಎಲ್ಲ ಎದ್ದ ಮೇಲೆಯೇ ಸೊಪ್ಪು ಹರವುತ್ತಾರೆ. ಮಳೆಯ ಸದ್ದು ಶುರುವಾಗುತ್ತದೆ. ಹೊರಗೆ ಅದನ್ನು ಕೇಳಿ ಬೋರಲಿಂಗಯ್ಯ ಜಗಲಿಯ ಮೇಲೆ ಕುಸಿದು ಕೂತು ಅಳುತ್ತಾರೆ.

"ಹುಡ್ಗಿ ಎದ್ಮೇಲೆ ಸ್ವಾಮಿ ಏನಂದ ಗೊತ್ತಾ ಸಾ? ಮೊದ್ಲು ಮಗೀಗೆ ಉಣ್ಣಾಕ್ ಕೊಡಿ ಅಂದ," ಎನ್ನುತ್ತಾರೆ ಮದಲೇನಮ್ಮ, ಸೊಪ್ಪು ಹರವುತ್ತಲೇ.

ಆಮೇಲೆ ಕಾಫಿಗೆಂದು ನನ್ನನ್ನು ತಮ್ಮ ಮನೆಗೆ ಕರೆಯುತ್ತಾರೆ. ಒಂಟಿ ಜೀವ. ಆದರೂ ಬಂದೊಡನೆ ಮುದ್ದೆ ತೊಳಸಿ ಒಲೆಯ ಪಕ್ಕ ಎರಡು ತಟ್ಟೆ ಇಡುತ್ತಾರೆ. ಒಂದರಲ್ಲಿ ಹಬೆಯಾಡುವ ಮುದ್ದೆ, ಮೇಲೊಂದು ಬಟ್ಟಲು ಮುಚ್ಚಿದೆ. ಯಾರಿಗಮ್ಮ ಎಂದು ಕೇಳುತ್ತೇನೆ.

"ಶಾಲಿನೀಗೆ. ಸ್ವಾಮಿ ಯಾವತ್ತು ಎಬ್ಬಿಸ್ತಾನೋ ಗೊತ್ತಿಲ್ವಲ್ಲ ಸಾ," ಎನ್ನುತ್ತಾರೆ ಮದಲೇನಮ್ಮ. "ಎದ್ದೋಳ್ಗೆ ಹಸಿವಾಗಿರ್ತದೆ. ಮುದ್ದೆ ಬಿಸಿ ಇರ್ಬೇಕು, ಅಷ್ಟೇಯ ನನ್ನಾಸೆ."