ಒಂದೂಕಾಲು ಸಹ ಇಲ್ಲದ ಬ್ಯಾಟರಿ

ಆ ನಾಲ್ಕು ರೀಚಾರ್ಜೆಬಲ್ ಬ್ಯಾಟರಿಗಳನ್ನು ನಾನು ಕಾಪುವಿನ ಹೆದ್ದಾರಿ ಬದಿಯ ಅಂಗಡಿಯಲ್ಲಿ ಕೊಂಡೆನೋ ಉಡುಪಿಯ ಬಸ್ ನಿಲ್ದಾಣದ ಹತ್ತಿರವೋ, ಈಗ ಆಣೆ ಹಾಕಿ ಹೇಳಲಾರೆ. ಕಾಪು ಎಂದೇ ನನ್ನ ನೆನಪು. ಆ ನೆನಪಿನಲ್ಲಿ ಸಮುದ್ರದ ಗಾಳಿಯೂ ಇದೆ. ಆದರೆ ಕಾಪುವನ್ನು ನೆನೆದಾಗಲೆಲ್ಲ ನನಗೆ ಗಾಳಿ ಬೀಸುತ್ತದೆ, ಹಾಗಾಗಿ ಅದನ್ನು ಸಾಕ್ಷಿ ಎಂದು ಒಪ್ಪುವಂತಿಲ್ಲ. ಅಮ್ಮನ ಪ್ರಕಾರ ಅವು ನಾನು ಕೊಂಡವೇ ಅಲ್ಲ, ಕಾರ್ಕಳದ ಅಕ್ಕ ಕೊಟ್ಟವು. ಅಕ್ಕನನ್ನು ಕೇಳಿದರೆ, "ಬಿಪಿ ನೋಡುವ ಮಿಷಿನ್ ಕೊಟ್ಟದ್ದು ನಾನು. ಬ್ಯಾಟರಿಯ ಪಾಪ ನಂಗೆ ಬೇಡ" ಎನ್ನುತ್ತಾಳೆ.

ಮಿಷಿನ್ ಬಂದ ಕಾರಣದ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ. ಮಣಿಪಾಲದ ಡಾಕ್ಟರರು ಅಮ್ಮನ ರಕ್ತದೊತ್ತಡ ಸ್ವಲ್ಪ ಮೇಲಿದೆ ಎಂದಿದ್ದರು. ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡಿ, ಎರಡು ವಾರ ಬಿಟ್ಟು ಬನ್ನಿ, ಆಮೇಲೆ ತೀರ್ಮಾನಿಸುವ ಎಂದು ಕಳಿಸಿದ್ದರು. ಅಮ್ಮನಿಗೆ ಮಾತ್ರೆಯ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಉಪ್ಪಿನದ್ದು. ಅಕ್ಕನ ಹಿತ್ತಿಲಿನ ಹಲಸಿನ ಸೊಳೆಗಳನ್ನು ಬಿಡಿಸಿ, ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ದೊಡ್ಡ ಭರಣಿಯೊಂದು ಪರ್ಕಳದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿತ್ತು.

"ಉಪ್ಪು ಬಂದ್ ಅಂತ ಹೇಳಿದ್ರೆ ಇಷ್ಟು ಸೊಳೆ ಎಂತ ಮಾಡುವುದು?" ಎಂದು ಅಮ್ಮ ಕೇಳಿದಳು. "ಸಮುದ್ರಕ್ಕೆ ಹಾಕುವುದಾ? ಅಲ್ಲಿ ಮೊದಲೇ ಉಪ್ಪುಂಟು."

ಹೀಗೆ ಭರಣಿಯ ಭವಿಷ್ಯ ಮಿಷಿನ್ನಿನ ಕೈಗೆ ಬಂತು, ಮಿಷಿನ್ನಿನ ಭವಿಷ್ಯ ನನ್ನ ಬ್ಯಾಟರಿಗಳ ಕೈಗೆ. ಅಂಗಡಿಯಲ್ಲಿ, ಅದು ಯಾವ ಊರಿನದೇ ಇರಲಿ, ಎರಡು ಬಗೆಯವು ಇದ್ದವು. ಒಂದರ ಮೇಲೆ ಎರಡು ಸಾವಿರ ಎಂಎಎಚ್ ಎಂದಿತ್ತು, ಇನ್ನೊಂದರ ಮೇಲೆ ಒಂಬತ್ತು ಸಾವಿರದ ಎಂಟುನೂರು. ಯಾರಾದರೂ ಅಂಕಿ ಹೇಳಿದರೆ "ಇದರ ಮೂಲ ಯಾವುದು?" ಎಂದು ಕೇಳುವುದನ್ನೇ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕಲಿತವನು ನಾನು. ಒಂಬತ್ತು ಸಾವಿರದ ಎಂಟುನೂರನ್ನು ತೆಗೆದುಕೊಂಡು ಖುಷಿಯಿಂದ ಮನೆಗೆ ಬಂದೆ.

ರಾತ್ರಿಯಿಡೀ ಚಾರ್ಜ್ ಮಾಡಿ ಹಾಕಿದರೆ ಮಿಷಿನ್ ಒಂದೆರಡು ಸಲ ಸರಿಯಾಗಿ ಓಡುತ್ತಿತ್ತು. ಆಮೇಲೆ ಅಮ್ಮನ ತೋಳಿನ ಪಟ್ಟಿಗೆ ಅರ್ಧ ಗಾಳಿ ತುಂಬಿ, ನಿಟ್ಟುಸಿರು ಬಿಟ್ಟು, ಕಣ್ಣು ಮುಚ್ಚುತ್ತಿತ್ತು. ಇದರಿಂದ ಅಮ್ಮನಿಗೆ ಒಂದು ಸಿದ್ಧಾಂತ ಸಿಕ್ಕಿತು. ಅಂಕಿ ಹೆಚ್ಚು ಬಂದರೆ ಅದು ಬ್ಯಾಟರಿಯದ್ದು, ಕಡಿಮೆ ಬಂದರೆ ಅವಳದ್ದು.

"ಅದು ಹಾಗಲ್ಲ ಅಮ್ಮ. ಎರಡನ್ನೂ ಬರೆದುಕೊಳ್ಬೇಕು."

"ಬರಿ. ಹೆಚ್ಚು ಬಂದದ್ದನ್ನು ಬ್ಯಾಟರಿಯ ಹೆಸರಲ್ಲಿ ಬರಿ."

ಒಂದು ಮಧ್ಯಾಹ್ನ ಮಿಷಿನ್ ತೆರೆದು ನೋಡಿದರೆ ಹೊಟ್ಟೆ ಖಾಲಿ. ಹುಡುಕುತ್ತ ತಾರಸಿಗೆ ಹೋದೆ. ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಹಪ್ಪಳಗಳ ನಡುವೆ ನನ್ನ ನಾಲ್ಕು ಬ್ಯಾಟರಿಗಳು ಸಾಲಾಗಿ ಮಲಗಿದ್ದವು. ಕಾಗೆ ಬಾರದಂತೆ ಅಮ್ಮ ಕೋಲು ಹಿಡಿದು ನೆರಳಿನಲ್ಲಿ ಕುಳಿತಿದ್ದಳು.

"ಇದೆಂತ ಅಮ್ಮ?"

"ಬಿಸಿಲಿಗೆ ಇಟ್ಟದ್ದು. ನಿನ್ನ ಅಪ್ಪ ರೇಡಿಯೋದ ಸೆಲ್ಲನ್ನು ಹೀಗೇ ಒಣಗಿಸಿ ವಾರ್ತೆ ಕೇಳ್ತಿದ್ರು."

"ಇದು ರೀಚಾರ್ಜೆಬಲ್. ಬಿಸಿಲಿಗೆ ಹಾಳಾಗ್ತದೆ."

"ಪಕ್ಕದ ಮನೆಯ ಸೋಲಾರ್ ಮತ್ತೆ ಎಂತರಲ್ಲಿ ಚಾರ್ಜ್ ಆಗುವುದು, ಬೆಳದಿಂಗಳಲ್ಲಾ? ಹೇಗೂ ಬಂದಿದ್ದಿ ಮಾರಾಯ, ಚಾಪೆಯ ಆ ಕರೆಯಲ್ಲಿರುವ ಹಪ್ಪಳ ಸ್ವಲ್ಪ ಮಗುಚು."

ಹಪ್ಪಳ ಮಗುಚಿದೆ. ಆ ಸಂಜೆ ಮಿಷಿನ್ ಒಂದು ಸಲ ಪೂರ್ತಿ ಓಡಿತು ಎಂಬ ನೆನಪು. ವಿಶ್ರಾಂತಿ ಸಿಕ್ಕಿದ ಬ್ಯಾಟರಿ ಒಮ್ಮೊಮ್ಮೆ ಹಾಗೆ ಚೂರು ಚೇತರಿಸಿಕೊಳ್ಳುತ್ತದೆ, ಅದರಲ್ಲಿ ಬಿಸಿಲಿನ ಹೆಚ್ಚುಗಾರಿಕೆ ಇಲ್ಲ ಎಂದು ವಿವರಿಸಿದ ನೆನಪೂ ಇದೆ. ಅಮ್ಮ ಕೇಳಿಸಿಕೊಂಡ ನೆನಪಿಲ್ಲ.

ಕೊನೆಗೆ ಬ್ಯಾಟರಿಯ ಮೈಮೇಲಿನ ಬರಹವನ್ನೇ ಓದಲು ಕುಳಿತೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಆ ದೊಡ್ಡ ಅಂಕಿ, ಒಂದು ಚಾರ್ಜಿಗೆ ಬ್ಯಾಟರಿ ಎಷ್ಟು ವಿದ್ಯುತ್ತನ್ನು ಹಿಡಿದಿಡುತ್ತದೆ ಎಂಬುದರ ಲೆಕ್ಕ. ಬೆರಳುದ್ದದ ಈ ಗಾತ್ರದ ನಿಕ್ಕಲ್ ಬ್ಯಾಟರಿಗೆ ಎರಡು ಸಾವಿರದ ಆಸುಪಾಸು ಎಂದರೆ ನಂಬಬಹುದು. ಮೂರು ಸಾವಿರ ದಾಟಿತೆಂದರೆ ಬರೆದವನಿಗೆ ಸಂಕೋಚವಿಲ್ಲ ಎಂದು ತಿಳಿಯಬೇಕು. ಒಂಬತ್ತು ಸಾವಿರದ ಎಂಟುನೂರು ಎಂದರೆ ಚೆಂಬಿನಲ್ಲಿ ಬಾವಿಯನ್ನು ತಂದಿದ್ದೇನೆ ಎಂದ ಹಾಗೆ. ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಗೋಡೆ ಗಡಿಯಾರದ ಸಾದಾ ಸೆಲ್ಲಿಗಿಂತಲೂ ಹಗುರ! ಒಳಗೆ ಸರಕು ಇದ್ದರೆ ತೂಕ ಹೆಚ್ಚೇ ಇರಬೇಕಿತ್ತು.

ಮರುದಿನ ಮಣಿಪಾಲದಲ್ಲಿ ಹೊಸ ನಾಲ್ಕನ್ನು ಕೊಂಡೆ. ಇದು ಮಣಿಪಾಲವೇ, ಇದರಲ್ಲಿ ಸಂಶಯವಿಲ್ಲ, ಹೆಚ್ಚುಕಡಿಮೆ. ಅಂಕಿ ಸಣ್ಣದು, ಅದರ ಹಿಂದೆ 'ಕನಿಷ್ಠ' ಎಂಬ ಮಾತು. ನಿಕ್ಕಲ್ ರೀಚಾರ್ಜೆಬಲ್ ಎಂದು ತಿಳಿಸುವ ಎಚ್‌ಆರ್6 ಎಂಬ ಗುರುತು. ಸಾದಾ ಆಲ್ಕಲೈನ್ ಸೆಲ್ಲಿಗಾದರೆ ಎಲ್‌ಆರ್6 ಎಂದಿರುತ್ತದೆ, ಅದನ್ನು ಚಾರ್ಜರಿಗೆ ಹಾಕಬಾರದು. ತಯಾರಾದ ತಿಂಗಳೂ ಇತ್ತು. ಸುಮ್ಮನೆ ಇಟ್ಟರೂ ತಿಂಗಳುಗಟ್ಟಲೆ ಚಾರ್ಜ್ ಇಳಿಯದ ಬಗೆ. ಇಂಥವು ಆಗುತ್ತವೆ ಎಂದು ಮಿಷಿನ್ನಿನ ಕೈಪಿಡಿಯಲ್ಲೂ ಇತ್ತು.

ಅಮ್ಮ ಕನ್ನಡಕ ಹಾಕಿಕೊಂಡು ಒಂದನ್ನು ತಿರುಗಿಸಿ ನೋಡಿದಳು. "ಗಡಿಯಾರದ್ರಲ್ಲಿ ಒಂದೂವರೆ ವೋಲ್ಟ್ ಅಂತ ಉಂಟು. ಇದ್ರಲ್ಲಿ ಒಂದು ಪಾಯಿಂಟ್ ಎರಡು. ಒಂದೂಕಾಲು ಸಹ ಇಲ್ಲ. ಕಡಿಮೆಯದ್ದು ತಂದದ್ದಾ?"

"ಸಾದಾ ಸೆಲ್ಲು ಒಂದೂವರೆಯಲ್ಲಿ ಹೊರಟು ಇಳಿಯುತ್ತಾ ಹೋಗ್ತದೆ ಅಮ್ಮ. ಇದು ಒಂದು ಪಾಯಿಂಟ್ ಎರಡರಲ್ಲಿ ತುಂಬ ಹೊತ್ತು ನಿಲ್ತದೆ."

"ನಿಲ್ಲಲಿ, ನೋಡುವ."

ನಿಂತಿತು. ದಿನಗಳು ಹೋದವು, ಮಿಷಿನ್ ಒಮ್ಮೆಯೂ ಮಲಗಲಿಲ್ಲ. ಆದರೂ ಅಮ್ಮನ ಸಿದ್ಧಾಂತ ಅಲುಗಲಿಲ್ಲ. ಬೇರೆಯವರ ತೋಳಿನಲ್ಲೂ ಸರಿಯಾಗಿ ನೋಡುತ್ತದೆ ಎಂದು ತೋರಿಸಲು ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಮಿಷಿನ್ ಗಾಳಿ ತುಂಬಿತು, ಬಿಟ್ಟಿತು, ಅಂಕಿ ತೋರಿಸಿತು. ಅಮ್ಮನ ಯಾವ ಕೆಟ್ಟ ದಿನದ ಅಂಕಿಗಿಂತಲೂ ಅದು ಮೇಲಿತ್ತು.

ಅಮ್ಮ ಬಗ್ಗಿ ಓದಿದಳು. ಮುಖ ಅರಳಿತು. "ಈಗ ಬ್ಯಾಟರಿ ಸರಿ ಉಂಟಲ್ಲ ಮಗಾ?"

"ಈಗಷ್ಟೇ ಮೆಟ್ಟಿಲು ಹತ್ತಿ ಬಂದದ್ದು ಅಮ್ಮ. ಪಟ್ಟಿಯೂ ಸಡಿಲ ಇದ್ದ ಹಾಗೆ ಉಂಟು. ಬ್ಯಾಟರಿಯನ್ನೂ ಇನ್ನೊಮ್ಮೆ..."

"ನಾನು ಹೇಳಿದ್ರೆ ನೆಪ. ನೀನು ಹೇಳಿದ್ರೆ ವಿಜ್ಞಾನ, ಅಲ್ವಾ?"

ಎರಡು ವಾರದ ಕೊನೆಗೆ ಮಣಿಪಾಲಕ್ಕೆ ಹೋದೆವು. ಡಾಕ್ಟರರು ಅಂಕಿಗಳನ್ನೆಲ್ಲ ನೋಡಿ, ತಾವೂ ಒಮ್ಮೆ ಪರೀಕ್ಷಿಸಿ, ಸದ್ಯ ಮಾತ್ರೆ ಬೇಡ ಎಂದರು. ಭರಣಿಯ ವಿಷಯವನ್ನು ಅಮ್ಮ ತಾನಾಗಿಯೇ ಎತ್ತಿದಳು. ಸೊಳೆಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಉಪ್ಪು ಬಿಡಿಸಿ, ಅಪರೂಪಕ್ಕೆ, ಸ್ವಲ್ಪ ಎಂಬ ಅಪ್ಪಣೆ ಸಿಕ್ಕಿತು. ಏಳುವಾಗ ಅಮ್ಮ, "ಇವನದ್ದೂ ಒಮ್ಮೆ ನೋಡಿ ಡಾಕ್ಟ್ರೇ. ಪಾಪ, ಮನೆಯಲ್ಲಿ ಬ್ಯಾಟರಿ ಸರಿ ಇಲ್ಲ ಅಂತ ಹೇಳ್ತಾನೆ" ಎಂದಳು.

ಡಾಕ್ಟರರು ನೋಡಿದರು. ಇನ್ನೊಮ್ಮೆ ನೋಡಿದರು. ಎರಡು ವಾರ ಮನೆಯಲ್ಲೇ ನೋಡಿಕೊಂಡು ಬರಲು ಈ ಸಲ ನನಗೆ ಹೇಳಿದರು. ಈಗ ಮಾತ್ರೆ ನುಂಗುವವನು ನಾನು. ಮಳೆ ಹಿಡಿದ ದಿನ ಅಮ್ಮ ಸೊಳೆಯ ಪಲ್ಯ ಮಾಡಿ, ನನ್ನ ಬಟ್ಟಲಿಗೆ ಚಮಚದ ತುದಿಯಲ್ಲಿ, ತೀರ್ಥದ ಹಾಗೆ ಬಡಿಸುತ್ತಾಳೆ.

ಆ ಬ್ಯಾಟರಿ ಕಾಪುವಿನದೋ ಉಡುಪಿಯದೋ ಇಂದಿಗೂ ಇತ್ಯರ್ಥವಾಗಿಲ್ಲ. ಒಂದನ್ನು ಮಾತ್ರ ಮುಂದಿನ ಭೇಟಿಯಲ್ಲಿ ಖಚಿತಪಡಿಸಿಕೊಂಡೆ. ಡಾಕ್ಟರರು ಕೈ ತೊಳೆಯಲು ಎದ್ದಾಗ ಅವರ ಮೇಜಿನ ಮೇಲಿದ್ದ ಬಿಪಿ ಯಂತ್ರವನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕೈಯಲ್ಲಿ ಒತ್ತಿ ಗಾಳಿ ತುಂಬುವ ರಬ್ಬರ್ ಉಂಡೆ, ಮುಳ್ಳು ತಿರುಗುವ ಬಿಲ್ಲೆ, ಎರಡು ಕೊಳವೆ. ಅದಕ್ಕೆ ಬ್ಯಾಟರಿ ಹಾಕುವ ಜಾಗವೇ ಇಲ್ಲ.