ವೈನಿಯ ತಪ್ಪುಗಳ ಪಟ್ಟಿ

ವೈನಿಯ ಬಲಗೈ ಹೆಬ್ಬೆರಳಿಗೆ ಅರ್ಧವೇ ಉಗುರು. ಉಳಿದರ್ಧ ಹಳೆಯ ಸ್ಕೂಟರಿನ ಸ್ಟ್ಯಾಂಡಿಗೆ ಸಿಕ್ಕಿ ಹೋಗಿತ್ತು. ಬೆರಳ ತುದಿಗಳಲ್ಲಿ ಸೋಲ್ಡರಿಂಗ್ ಮಾಡುವಾಗ ಸುಟ್ಟುಕೊಂಡ ಕಪ್ಪು ಚುಕ್ಕೆಗಳು. ಆ ಕೈಯಲ್ಲಿ ಅವರು ನನಗಿಂತ ಜೋರಾಗಿ ಟೈಪ್ ಮಾಡುತ್ತಿದ್ದರು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ ಇರಬೇಕು.

ನಾಗಪುರದ ಧರಮಪೇಠದಲ್ಲಿ ಅವರದು ನಮ್ಮ ಎದುರುಮನೆ. ಬೈಲಹೊಂಗಲದ ಕಡೆಯವರು. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಮೀಟರು, ಸೆನ್ಸರುಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಲ್ಲಿಯ ಮರಾಠಿಯವರಿಗೆಲ್ಲ ವಹಿನಿ, ಅಂದರೆ ಅತ್ತಿಗೆ; ನಮಗೆ ವೈನಿ. ನಾನು ಹಿಂಗಣಾ ರಸ್ತೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಗಲ್ಲಿಯಲ್ಲಿ ಯಾರ ಫೋನ್ ಕೈಕೊಟ್ಟರೂ ನನ್ನ ಬಾಗಿಲಿಗೇ ಬರಬೇಕಿತ್ತು. ಆ ದೊಡ್ಡಸ್ತಿಕೆಯ ರುಚಿ ನನಗೆ ಹತ್ತಿಬಿಟ್ಟಿತ್ತು.

ವೈನಿ ಏನನ್ನೇ ಕೊಡಲಿ, ಮೊದಲು ಅದರ ಐಬು ಹೇಳಿ ಆಮೇಲೆ ಕೊಡುವರು. ದೀಪಾವಳಿಗೆ ಚಕ್ಕಲಿ ಡಬ್ಬಿ ತಂದರೆ, ಎಣ್ಣೆ ಜಾಸ್ತಿ ಕುಡಿದಿವೆ, ಮೇಲಿನ ನಾಲ್ಕು ಹೊತ್ತಿವೆ ಎಂದು ಹೊಸ್ತಿಲಲ್ಲೇ ಹೇಳಿ ಮುಗಿಸುವರು. ತಮ್ಮ ಮಗಳನ್ನು ನೋಡಲು ಗಂಡಿನವರು ಬಂದಾಗಲೂ ಹಾಗೇ. ಉಪ್ಪಿಟ್ಟಿನ ತಾಟು ಇಡುವ ಮೊದಲೇ, ಹುಡುಗಿಗೆ ಮೂಗಿನ ತುದಿಯಲ್ಲಿ ಸಿಟ್ಟು, ಬೆಳಿಗ್ಗೆ ಬೇಗ ಏಳುವುದಿಲ್ಲ ಎಂದುಬಿಟ್ಟರು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹುಡುಗನ ತಾಯಿ ತಮ್ಮ ಮಗನ ಗೊರಕೆಯ ಸಂಗತಿ ತೆಗೆದರು. ಮದುವೆ ಕೂಡಿಬಂತು. ಮಗಳು ಇದೇ ಊರಲ್ಲಿದ್ದಾಳೆ.

ನಾಗಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಬದುಕಿಲ್ಲ. ಅದರ ಟಾಕಿಯಲ್ಲಿ ನೀರು ಮುಗಿದದ್ದು ಗೊತ್ತಾಗದೆ ಪಂಪ್ ಒಣಗೇ ಓಡಿ ಸುಟ್ಟುಹೋಗುತ್ತದೆ. ನೀರು ನೋಡಿಕೊಂಡು ಪಂಪನ್ನು ತಾನೇ ನಡೆಸುವ, ತಾನೇ ನಿಲ್ಲಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ನಾನು ನಾಲ್ಕು ಬೇಸಿಗೆಗಳಿಂದ ಬರೆಯುತ್ತಿದ್ದೆ. ಪ್ರತಿ ಸಲ ಇನ್ನೇನೋ ಒಂದು ಉಳಿದಿರುತ್ತಿತ್ತು. ಯಾರಿಗೂ ತೋರಿಸಿರಲಿಲ್ಲ. ಕಲಿಸುವವನ ಕೆಲಸದಲ್ಲಿ ಯಾರಾದರೂ ತಪ್ಪು ಹಿಡಿದರೆ ಏನು ಗತಿ ಎಂಬ ಹೆದರಿಕೆ.

ಕಳೆದ ಮಾರ್ಚಿನಲ್ಲಿ ವೈನಿ ಅದನ್ನೇ ಬರೆದು ನೆಟ್ಟಿಗೆ ಹಾಕಿಬಿಟ್ಟರು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಎಲ್ಲಕ್ಕಿಂತ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಪಟ್ಟಿ: ಗೊತ್ತಿರುವ ತಪ್ಪುಗಳು. ಒಟ್ಟು ಹದಿನಾಲ್ಕು. ಅದರ ಕೆಳಗೆ, “ಮಳಿಗಾಲದಾಗ ಹವಾ ನೋಡಿ ತಾನ ನೀರು ನಿಲ್ಲಸತೈತಿ. ಇದು ಇನ್ನಾ ಪ್ರಯೋಗ. ಪೂರಾ ನಂಬಬ್ಯಾಡ್ರಿ.”

ನಾನು ನಕ್ಕೆ. ಹದಿನಾಲ್ಕು ತಪ್ಪಿರುವುದನ್ನು ನನ್ನ ವಿದ್ಯಾರ್ಥಿ ತಂದಿದ್ದರೆ ಫೇಲ್ ಮಾಡುತ್ತಿದ್ದೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದೆ. ಆದರೆ ಅಕೋಲಾದಿಂದ, ಚಂದ್ರಪುರದಿಂದ ಜನ ಬರೆಯತೊಡಗಿದರು. ಕಲಬುರಗಿಯ ಯಾರೋ ಎರಡೇ ದಿನದಲ್ಲಿ ಮೂರನೆಯ ತಪ್ಪನ್ನು ಸರಿಮಾಡಿ ಕಳಿಸಿದರು. ಪಟ್ಟಿ ಸಣ್ಣದಾಗುತ್ತ ಬಂತು, ಎದುರುಮನೆಯ ಮುಂದೆ ನಿಲ್ಲುವ ಸ್ಕೂಟರುಗಳು ಹೆಚ್ಚುತ್ತ ಬಂದವು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ಪ್ರೋಗ್ರಾಮು ಅವರದಕ್ಕಿಂತ ಚೆನ್ನಾಗಿತ್ತು, ಇವತ್ತೂ ಹಾಗೇ ಹೇಳುತ್ತೇನೆ. ಆದರೆ ಅದು ನಡೆಯುತ್ತಿದ್ದದ್ದು ನನ್ನ ಮನೆಯ ಕೂಲರಿನಲ್ಲಿ ಮಾತ್ರ.

ಏಳನೆಯ ತಪ್ಪು ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ಕರೆಂಟ್ ಹೋಗಿ ಬಂದರೆ ಖಾಲಿ ಟಾಕಿಯಲ್ಲೂ ಪಂಪ್ ಓಡುತ್ತಿತ್ತು. ಒಂದು ಬೆಳಿಗ್ಗೆ ವೈನಿ ಗೇಟಿನ ಬಳಿ ನನ್ನನ್ನು ನಿಲ್ಲಿಸಿ, “ಸರ್, ಅದೊಂದು ನನಗ ಹೊಳೀವಲ್ದು. ನೀವೊಮ್ಮೆ ನೋಡ್ತೀರೇನು?” ಎಂದರು. ಕರೆಂಟ್ ಬಂದ ಮೊದಲ ಕೆಲವು ಕ್ಷಣ ನೀರಿನ ಸೆನ್ಸರ್ ಸುಳ್ಳು ಹೇಳುತ್ತದೆ, ಅದನ್ನು ನಂಬದೆ ತುಸು ಕಾಯಬೇಕು. ಇಷ್ಟೇ. ಹಿಂದಿನ ಬೇಸಿಗೆಯಲ್ಲೇ ನಾನಿದನ್ನು ಕಂಡುಕೊಂಡಿದ್ದೆ. ಅಂಥ ಕೆಲಸ ನಾನು ಮಾಡಿಲ್ಲ ಎಂದು ಹೇಳಿ ಬೈಕ್ ಹತ್ತಿದೆ.

ಮೇ ತಿಂಗಳಲ್ಲಿ ಅವರದೇ ಪಂಪ್ ಹಾಗೆ ಸುಟ್ಟಿತು. ಆ ಮಧ್ಯಾಹ್ನ ನಮ್ಮದೊಂದು ಡಬ್ಬಿ ವಾಪಸ್ ಕೊಡಲು ಬಂದವರು, ಸೆಕೆ ತಾಳಲಾರದೆ ನಮ್ಮ ಕೂಲರಿನ ಮುಂದೆ ಕೂತರು. ಹೆಂಡತಿ ಮಜ್ಜಿಗೆ ಕೊಟ್ಟಳು. ನಮ್ಮ ಟಾಕಿ ಖಾಲಿಯಾಗಿತ್ತು, ನೀರು ತುಂಬಲು ಎದ್ದಿದ್ದೆ, ಅಷ್ಟರಲ್ಲಿ ಕರೆಂಟ್ ಹೋಗಿ ಬಂತು. ಫ್ಯಾನ್ ತಿರುಗಿತು, ಪಂಪ್ ಮಾತ್ರ ಸುಮ್ಮನಿತ್ತು. ಟಾಕಿ ಖಾಲಿ ಎಂದು ತೋರಿಸಲು ನಾನು ಕೂರಿಸಿದ್ದ ಕೆಂಪು ದೀಪ ಹೊತ್ತಿತು. ವೈನಿ ಬಗ್ಗಿ ಖಾಲಿ ಟಾಕಿ ನೋಡಿದರು, ದೀಪ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಪೇಪರ್ ಕೈಗೆತ್ತಿಕೊಂಡೆ.

“ನಿಮ್ಮ ಕೂಲರ್ ಭಾಳ ಶಾಣ್ಯಾ ಐತ್ರಿ, ಸರ್.”

ಅಂಗಡಿಯಿಂದ ಹಾಗೇ ಬಂದದ್ದು ಎಂದೆ. ಅವರು ಮಜ್ಜಿಗೆ ಮುಗಿಸಿ, ಲೋಟ ತೊಳೆದಿಟ್ಟು, ಬಿಸಿಲಿಗೆ ಸೆರಗು ಹೊದ್ದು ಹೋದರು. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ದೀಪಾವಳಿಗೆ ಚಕ್ಕಲಿ ಈ ಸಲವೂ ಬಂತು. ಅವರು ನಾಲ್ಕು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಈ ಚಳಿಗಾಲದಲ್ಲಿ ಜ್ವರವೆಂದು ಮಲಗಿದ ವೈನಿ ನಾಲ್ಕೇ ದಿನದಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಮಗಳು ಬಂದು, ಅವ್ವನ ಪ್ರೋಗ್ರಾಮು ಇನ್ನು ಮುಂದೆ ತಾನು ನೋಡಿಕೊಳ್ಳುವುದಾಗಿ ಹೇಳಿ, ನಾನೊಮ್ಮೆ ಕಣ್ಣಾಡಿಸಬೇಕೆಂದು ಕೇಳಿದಳು. ಹೊಟ್ಟೆಕಿಚ್ಚಿಗೆ ನಾನು ಆ ಪುಟವನ್ನು ತಿಂಗಳುಗಟ್ಟಲೆ ತೆರೆದಿರಲಿಲ್ಲ. ಈಗ ತೆರೆದೆ. ಹದಿನಾಲ್ಕರಲ್ಲಿ ಐದು ತಪ್ಪು ಉಳಿದಿದ್ದವು. ಏಳನೆಯ ಸಾಲು ಹೀಗಿತ್ತು:

“ಕರೆಂಟ್ ಹೋಗಿ ಬಂದ್ರ ಖಾಲಿ ಟಾಕ್ಯಾಗ ಪಂಪ್ ಓಡತೈತಿ. ಇದರ ಉಪಾಯ ನಮ್ಮ ಎದುರುಮನಿ ಸರ್ ಹತ್ರ ಐತಿ. ಅವರು ಕೊಟ್ಟ ಮ್ಯಾಲೆ ಈ ಸಾಲು ತಗೀಬೇಕು.”

ತಿದ್ದಿದ ತಾರೀಖು ಮಜ್ಜಿಗೆ ಕುಡಿದ ದಿನದ್ದೇ. ಅಕೋಲಾದವರು, ಕಲಬುರಗಿಯವರು ಎಲ್ಲರೂ ಅದನ್ನು ಓದಿದ್ದರು, ನಾನೊಬ್ಬನನ್ನು ಬಿಟ್ಟು. ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ನಾನು ಕೊಡುತ್ತೇನೆ ಎಂದು ಅಷ್ಟು ಸಲೀಸಾಗಿ ನಂಬಿದ ಆ ಹೆಂಗಸಿನ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು. ಅಂಥ ಮನಸ್ಸು ನನಗೇಕಿಲ್ಲ?

ಕಳಿಸಬೇಕಾಗಿದ್ದದ್ದು ನನ್ನ ಪ್ರೋಗ್ರಾಮಿನ ಹನ್ನೊಂದು ಸಾಲು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಮೇಲೆ ಬರೆಯಬೇಕಾದ ಐಬು. ಕೊನೆಗೆ ಬರೆದೆ: ಇದು ಒಂದು ಬೇಸಿಗೆ ತಡವಾಗಿ ಬಂದಿದೆ, ತಪ್ಪು ನನ್ನದು.

ಮಗಳು ಮರುದಿನವೇ ವೈನಿಯ ಏಳನೆಯ ಸಾಲನ್ನು ತೆಗೆದಳು. ಆ ಜಾಗದಲ್ಲಿ ಈಗ ನನ್ನ ಐಬಿನ ಸಾಲಿದೆ.